ಓದುಗರ ಪ್ರಶ್ನೆ, ತೀರ್ಥಹಳ್ಳಿ ವಕೀಲರ ಉತ್ತರ: ರೋಮ್‌ನಲ್ಲಿ ಸೋದರಮಾವನಿಗೆ ಏನೆನ್ನುತ್ತಿದ್ದರು?

ಕಳೆದ ತಿಂಗಳು ಯಾರೋ ವಂಶವೃಕ್ಷ ಬರೆಯುವುದು ಹೇಗೆಂದು ಕೇಳಿದ್ದರು. ಅವರಿಗೆ ಉತ್ತರ ಬರೆಯುವ ಭರದಲ್ಲಿ, ‘ನೆಂಟಸ್ತಿಕೆಗೆ ಹೆಸರಿಡುವುದರಲ್ಲಿ ನಮಗೆ ಸರಿಜೋಡಿ ಎಂದರೆ ಹಳೆಯ ರೋಮನ್ನರು’ ಎಂದು ಒಂದು ಸಾಲು ಸೇರಿಸಿಬಿಟ್ಟೆ. ಪೌತಿ ಖಾತೆಯ ಬಗ್ಗೆ ಕಷ್ಟಪಟ್ಟು ಬರೆದ ಎರಡು ಪುಟಕ್ಕೆ ಬರದಷ್ಟು ಕಾಗದ ಆ ಒಂದು ಸಾಲಿಗೆ ಬಂದಿವೆ. ಆಷಾಢದ ಮಳೆಗೆ ಎಲ್ಲವೂ ನೆನೆದಿದ್ದವು. ಬಚ್ಚಲ ಒಲೆಯ ಪಕ್ಕ ಹರಡಿ, ಒಣಗಿಸಿ ಓದಿದೆ. ಕೊಪ್ಪದಿಂದ ಶಾಯಿಪೆನ್ನಿನಲ್ಲಿ ಬರೆದವರು ದಯವಿಟ್ಟು ಇನ್ನೊಮ್ಮೆ ಬರೆಯಿರಿ. ‘ಮಾನ್ಯರೇ’ ಒಂದು ಬಿಟ್ಟು ಉಳಿದದ್ದೆಲ್ಲ ನೀಲಿ ಮೋಡವಾಗಿದೆ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳಿಗೆ ಚಿಕ್ಕಪ್ಪನೂ ಅಂಕಲ್, ಸೋದರಮಾವನೂ ಅಂಕಲ್, ಅಡಿಕೆ ಮಂಡಿಯ ಸಾಹುಕಾರರೂ ಅಂಕಲ್. ಬೈದರೆ, ‘ಅದು ಲ್ಯಾಟಿನ್ನಿಂದ ಬಂದ ಪದ ಅಪ್ಪಯ್ಯ’ ಎನ್ನುತ್ತಾಳೆ. ಲ್ಯಾಟಿನ್ನಿನಲ್ಲೂ ಎಲ್ಲರಿಗೂ ಒಂದೇ ಪದವೇ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಪದ ಲ್ಯಾಟಿನ್ನಿನದೇ ಹೌದು. ಆದರೆ ಅಲ್ಲಿ ಅದು ಚಿಕ್ಕಪ್ಪನದ್ದಲ್ಲ, ಸಾಹುಕಾರರದ್ದಂತೂ ಅಲ್ಲವೇ ಅಲ್ಲ. ಅದು ಸೋದರಮಾವನ ಸ್ವತ್ತು.

ರೋಮನ್ನರು ಅಪ್ಪನ ಒಡಹುಟ್ಟಿದವನನ್ನು ‘ಪತ್ರುವುಸ್’ ಎನ್ನುತ್ತಿದ್ದರು. ಅಪ್ಪನಿಗೆ ‘ಪತೆರ್’ ಎನ್ನುತ್ತಾರಲ್ಲ, ಅದರಿಂದಲೇ ಆದದ್ದು. ದೊಡ್ಡಪ್ಪನೋ ಚಿಕ್ಕಪ್ಪನೋ ಎಂಬುದು ಆ ಪದದಿಂದ ಗೊತ್ತಾಗುವುದಿಲ್ಲ. ಆ ಒಂದು ವಿಷಯದಲ್ಲಿ ನಾವೇ ಮುಂದು. ಅಮ್ಮನ ಒಡಹುಟ್ಟಿದವನು ‘ಅವುಂಕುಲುಸ್’. ‘ಅವುಸ್’ ಎಂದರೆ ಅಜ್ಜ, ‘ಅವುಂಕುಲುಸ್’ ಎಂದರೆ ಪುಟ್ಟಜ್ಜ. ಇದೇ ಪದ ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷರ ಬಾಯಲ್ಲಿ ಇನ್ನಷ್ಟು ಸವೆದು, ಅಂಕಲ್ ಆಗಿ ನಿಮ್ಮ ಮಗಳ ಹಾಸ್ಟೆಲ್ಲಿಗೆ ಬಂದಿದೆ.

ಆಂಟಿಯ ಕತೆಯೂ ಇಂಥದ್ದೇ, ಆದರೆ ಎದುರು ದಿಕ್ಕಿನದು. ಅಮ್ಮನ ಅಕ್ಕತಂಗಿಯರಿಗೆ ಲ್ಯಾಟಿನ್ನಿನಲ್ಲಿ ‘ಮಾತೆರ್ತೆರ’ ಎಂಬ ಪದವಿತ್ತು. ಒಳಗೇ ‘ಮಾತೆರ್’, ಅಮ್ಮ, ಕೂತಿದ್ದಾಳೆ ನೋಡಿ, ನಮ್ಮ ದೊಡ್ಡಮ್ಮ ಚಿಕ್ಕಮ್ಮನ ಒಳಗೆ ಕೂತ ಹಾಗೆ. ಜೂನ್ 11ರಂದು ರೋಮ್‌ನ ಹೆಂಗಸರು ಮಾತ್ರಾಲಿಯ ಎಂಬ ಹಬ್ಬ ಮಾಡುತ್ತಿದ್ದರು. ಅವತ್ತು ತಮ್ಮ ಮಕ್ಕಳಿಗಾಗಿ ಅಲ್ಲ, ಅಕ್ಕತಂಗಿಯರ ಮಕ್ಕಳಿಗಾಗಿ ದೇವಿಯಲ್ಲಿ ಬೇಡಿಕೊಳ್ಳುವ ಪದ್ಧತಿ. ಇಷ್ಟಿದ್ದೂ ಆಂಟಿ ಆ ಪದದಿಂದ ಬರಲಿಲ್ಲ. ಅಪ್ಪನ ಅಕ್ಕತಂಗಿಯರಿಗೆ ಇದ್ದ ‘ಅಮಿತ’ ಎಂಬ ಪದದಿಂದ ಬಂತು. ಅಂದರೆ ಇಂಗ್ಲಿಷಿನವರು ಉಳಿಸಿಕೊಂಡದ್ದು ಅಮ್ಮನ ಕಡೆಯ ಗಂಡಸನ್ನು, ಅಪ್ಪನ ಕಡೆಯ ಹೆಂಗಸನ್ನು. ನಮ್ಮ ಲೆಕ್ಕದಲ್ಲಿ ಮಾವ ಮತ್ತು ಅತ್ತೆ! ನಿಮ್ಮ ಮಗಳು ಮಂಡಿ ಸಾಹುಕಾರರನ್ನು ಅಂಕಲ್ ಎಂದಾಗ, ಪದದ ಬುಡ ಹಿಡಿದು ನೋಡಿದರೆ, ಅವರು ನಿಮ್ಮ ಭಾವಮೈದುನ. ಅಡಿಕೆ ಧಾರಣೆ ಮಾತಾಡುವಾಗ ನೆನಪಿಟ್ಟುಕೊಳ್ಳಿ.

ಇಷ್ಟೊಂದು ಭೇದ ಅವರಿಗೆ ಯಾಕೆ ಬೇಕಿತ್ತು? ಆಸ್ತಿಗೆ. ಗಂಡಸರ ಮೂಲಕ ಬಂದ ನೆಂಟರಿಗೆ ಅಲ್ಲಿ ‘ಅಗ್ನಾತಿ’ ಎಂದು ಹೆಸರು. ನಮ್ಮ ದಾಯಾದಿಗಳು ಎಂದಿಟ್ಟುಕೊಳ್ಳಿ. ತಂದೆ ಸತ್ತ ಮಗುವಿನ ಪಾಲನೆ, ಆಸ್ತಿಯ ಉಸ್ತುವಾರಿ ಹತ್ತಿರದ ಅಗ್ನಾತಿಗೆ, ಎಷ್ಟೋ ಸಲ ಪತ್ರುವುಸ್‌ಗೇ, ಹೋಗುತ್ತಿತ್ತು. ಕೋಲು, ಕೀಲಿಕೈ ಎರಡೂ ಅವನ ಕೈಯಲ್ಲಿ. ಹಾಗಾಗಿ ಅವರ ಸಾಹಿತ್ಯದಲ್ಲಿ ಪತ್ರುವುಸ್ ಎಂದರೆ ಗದರುವವನು. ‘ನನಗೆ ಪತ್ರುವುಸ್ ಆಗಬೇಡ’ ಎಂಬ ಮಾತು ಹೊರೇಸ್ ಕವಿಯಲ್ಲಿದೆ. ಸೋದರಮಾವನಿಗೆ ಆ ಮನೆಯ ಆಸ್ತಿಯಲ್ಲಿ ಕೈಯಿಲ್ಲ, ಆದ್ದರಿಂದ ಅವನಿಗೆ ಮುದ್ದು ಮಾಡಲು ಬಿಡುವಿತ್ತು.

ಈ ಭೇದ ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ವಕೀಲಿಕೆಗೆ ಇಳಿದ ಹೊಸತರಲ್ಲಿ ನನ್ನ ಕಕ್ಷಿದಾರರೊಬ್ಬರಿಗೆ ಎರಡು ಎಕರೆ ಬಾಗಾಯ್ತು ಸೋದರಮಾವನ ದಾನಪತ್ರದಿಂದ ಬಂದಿತ್ತು. ವಾದಪತ್ರ ಇಂಗ್ಲಿಷಿನಲ್ಲಿ. ‘ಅಂಕಲ್‌ನಿಂದ ಬಂದದ್ದು’ ಎಂದು ಟೈಪ್ ಮಾಡಿಸಿದೆ, ಓದಿ ನೋಡಿ ಸಹಿಯನ್ನೂ ಹಾಕಿದೆ. ಎದುರು ವಕೀಲರು ನಿಧಾನಕ್ಕೆ ಎದ್ದು, ‘ಅಂಕಲ್ ಎಂದರೆ ತಂದೆಯ ತಮ್ಮ, ಸ್ವಾಮಿ, ಇದು ಒಟ್ಟು ಕುಟುಂಬದ ಸ್ವತ್ತೆಂದು ವಾದಿಯೇ ಒಪ್ಪಿದ್ದಾರೆ’ ಎಂದುಬಿಟ್ಟರು. ತಿದ್ದುಪಡಿ ಅರ್ಜಿ, ಅದಕ್ಕೆ ತಕರಾರು, ಅದರ ಮೇಲೆ ವಿಚಾರಣೆ. ಎರಡು ಕೊಯ್ಲು ಕಳೆಯಿತು. ‘ವಕೀಲ್ರೆ, ಮಾವ ಅಂತ ಬರ್ದಿದ್ರೆ ಆಗ್ತಿರ್ಲಿಲ್ವಾ?’ ಎಂದು ಆ ಮನುಷ್ಯ ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ರೋಮನ್ ಕಾನೂನಿನ ಪುಸ್ತಕ ತಂದು, ಜೊತೆಗೆ ಒಂದು ಲ್ಯಾಟಿನ್ ನಿಘಂಟು ಕೊಂಡದ್ದು ಆ ವರ್ಷವೇ.

ಪ್ರಶ್ನೆ: ಲ್ಯಾಟಿನ್ನಿನ ಸೊಕೆರ್, ಸಂಸ್ಕೃತದ ಶ್ವಶುರ ಒಂದೇ ಎಂದು ಓದಿದೆ. ಹೌದೇ? (ಶೃಂಗೇರಿ, ನಿವೃತ್ತ ಸಂಸ್ಕೃತ ಅಧ್ಯಾಪಕರು)

ಉತ್ತರ: ಒಂದೇ ಬೇರಿನವು. ಶ್ವಶ್ರೂ ಅಲ್ಲಿ ‘ಸೊಕ್ರುಸ್’, ದೇವರ (ಗಂಡನ ತಮ್ಮ) ‘ಲೇವಿರ್’, ಸ್ನುಷಾ ‘ನುರುಸ್’, ಪಿತೃವ್ಯ ನಮ್ಮ ಮೇಲಿನ ‘ಪತ್ರುವುಸ್’. ಸ್ನುಷಾ ಕನ್ನಡಕ್ಕೆ ಬಂದು ಸೊಸೆಯಾಗಿ ನೆಲೆಸಿದ್ದಾಳೆ. ನನಗೆ ಎಲ್ಲಕ್ಕಿಂತ ಸೋಜಿಗ ಎನಿಸುವುದು ಓರಗಿತ್ತಿಯ ಪದ. ಅಣ್ಣತಮ್ಮಂದಿರ ಹೆಂಡಿರಿಗೆ ಸಂಸ್ಕೃತದಲ್ಲಿ ‘ಯಾತೃ’, ಲ್ಯಾಟಿನ್ನಿನಲ್ಲಿ ‘ಯಾನಿತ್ರಿಕೇಸ್’. ಇವೂ ಒಂದೇ ಬುಡದವು. ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಮಾವ, ಅತ್ತೆ, ಮೈದುನ, ಓರಗಿತ್ತಿ. ಗಂಡನ ಮನೆಯ ಹೊಸ್ತಿಲು ದಾಟಿ ಬಂದ ಹೆಣ್ಣಿಗೆ ಮೊದಲ ದಿನವೇ ಬೇಕಾಗುವ ಪದಗಳು. ಸಾವಿರಾರು ವರ್ಷ, ಸಾವಿರಾರು ಮೈಲಿ ಬೇರೆಯಾದ ಮೇಲೂ ಎರಡೂ ಕಡೆ ಇವು ಉಳಿದಿವೆ.

ಆದರೆ ಶ್ವಶುರನನ್ನು ಕನ್ನಡದ ಮಾವನ ಜೊತೆ ಸರಿಹೊಂದಿಸಲು ಹೋಗಬೇಡಿ. ನಮ್ಮಲ್ಲಿ ಅಮ್ಮನ ಅಣ್ಣನೂ ಮಾವ, ಅತ್ತೆಯ ಗಂಡನೂ ಮಾವ, ಹೆಂಡತಿಯ ಅಪ್ಪನೂ ಮಾವ. ಸೋದರಮಾವನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಈ ಮೂವರೂ ಒಬ್ಬರೇ ಆಗಿಬಿಡುತ್ತಾರೆ, ಮೂರು ಪದ ಇಟ್ಟುಕೊಂಡು ಮಾಡುವುದೇನು? ರೋಮನ್ನರಿಗೆ ಆ ಅನುಕೂಲ ಇರಲಿಲ್ಲ. ಅವರಿಗೆ ಅವುಂಕುಲುಸ್ ಬೇರೆ, ಸೊಕೆರ್ ಬೇರೆ.

ಪ್ರಶ್ನೆ: ನಮ್ಮ ಅಜ್ಜನ ಜ್ಞಾನಸ್ನಾನದ ಹಳೆಯ ಕಾಗದದಲ್ಲಿ ‘ಅವುಸ್ ಪತೆರ್ನುಸ್’ ಒಂದು ಹೆಸರಿನ ಮುಂದೆ, ‘ಪತ್ರೀನುಸ್’ ಇನ್ನೊಂದರ ಮುಂದೆ ಇದೆ. ಯಾರು ಇವರು? (ಹೊಸನಗರ)

ಉತ್ತರ: ಮೊದಲನೆಯವರು ನಿಮ್ಮ ಅಜ್ಜನ ಅಪ್ಪನ ಅಪ್ಪ. ಎರಡನೆಯವರು ಜ್ಞಾನಸ್ನಾನದ ಹೊತ್ತಿನಲ್ಲಿ ಮಗುವಿನ ಹೊಣೆ ಹೊತ್ತ ಧರ್ಮಪಿತ, ರಕ್ತಸಂಬಂಧ ಇರಲೇಬೇಕೆಂದಿಲ್ಲ. ಪತ್ರೀನುಸ್ ಬೇರೆ, ಪತ್ರುವುಸ್ ಬೇರೆ. ವಂಶವೃಕ್ಷದ ಅಫಿಡವಿಟ್ಟಿನಲ್ಲಿ ಅವರನ್ನು ಚಿಕ್ಕಪ್ಪ ಎಂದು ಸೇರಿಸಬೇಡಿ. ಅವರ ಮೊಮ್ಮಕ್ಕಳು ಪಾಲು ಕೇಳಿಕೊಂಡು ಬಂದರೆ ನನ್ನ ಹತ್ತಿರ ಬರಬೇಡಿ.

ಪ್ರಶ್ನೆ: ಅಜ್ಜ, ಮುತ್ತಜ್ಜ ಆದಮೇಲೆ ನಮಗೆ ಪದವೇ ಇಲ್ಲ. ರೋಮನ್ನರು ಎಲ್ಲಿಯವರೆಗೆ ಹೆಸರಿಟ್ಟಿದ್ದರು? (ಮಂಡಗದ್ದೆ)

ಉತ್ತರ: ಒಳ್ಳೆಯ ಪ್ರಶ್ನೆ. ಇದನ್ನು ಕೇಳಲಿ ಎಂದೇ ಕಾಯುತ್ತಿದ್ದೆ.

ನಮ್ಮ ನ್ಯಾಯಾಲಯಗಳ ವಿಭಾಗದ ದಾವೆ ಯಾವುದನ್ನೇ ತೆಗೆಯಿರಿ, ವಂಶವೃಕ್ಷದ ತಲೆಯ ಮೇಲೆ ಕೂತ ಮೂಲಪುರುಷನನ್ನು ಇಂಗ್ಲಿಷ್ ತೀರ್ಪುಗಳು ‘ಪ್ರೊಪೊಸಿಟಸ್’ ಎಂಬ ಲ್ಯಾಟಿನ್ ಪದದಿಂದ ಕರೆಯುತ್ತವೆ. ಹಳ್ಳಿಯ ಹಿರಿಯರು ಕೂಡ ‘ನಮ್ಮ ಪ್ರೊಪೋಜಿಟ್ಸು’ ಎನ್ನುವುದನ್ನು ಕೋರ್ಟಿನ ಜಗಲಿಯಲ್ಲಿ ಕೇಳಿದ್ದೇನೆ. ತಮಾಷೆ ಏನೆಂದರೆ, ಅದರ ಹಳೆಯ ಅರ್ಥ ಮೂಲಪುರುಷ ಅಲ್ಲ. ಯಾರಿಂದ ಸಂಬಂಧ ಎಣಿಸಲು ಶುರು ಮಾಡುತ್ತೇವೋ ಆ ವ್ಯಕ್ತಿ. ಮರದ ಬುಡಕ್ಕೂ ತುದಿಗೂ ಅದಲು ಬದಲಾಗಿದೆ. ಇರಲಿ, ಈಗ ಅದನ್ನು ತಿದ್ದಲು ಹೋದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ.

ಅಪ್ಪ ಪತೆರ್, ಅಜ್ಜ ಅವುಸ್. ಮುತ್ತಜ್ಜ ‘ಪ್ರೋಅವುಸ್’, ಪ್ರಪಿತಾಮಹನ ‘ಪ್ರ’ ಮತ್ತು ಈ ‘ಪ್ರೋ’ ಒಂದೇ. ಮುತ್ತಜ್ಜನ ಅಪ್ಪ ‘ಅಬವುಸ್’, ಅವನಪ್ಪ ‘ಅತವುಸ್’, ಅವನಪ್ಪ ‘ತ್ರಿತವುಸ್’. ಜೀವಶಾಸ್ತ್ರದವರು, ಎಷ್ಟೋ ತಲೆಮಾರಿನ ಹಿಂದಿನ ಲಕ್ಷಣ ದಿಢೀರನೆ ಮರಳಿ ಕಾಣಿಸಿಕೊಂಡರೆ, ಅಟಾವಿಸಂ ಎನ್ನುತ್ತಾರಲ್ಲ, ಅದು ಈ ಅತವುಸ್‌ನದು. ಕೆಳಮುಖವಾಗಿಯೂ ಹೀಗೇ ಏಣಿ ಇದೆ: ಮೊಮ್ಮಗ ‘ನೆಪೋಸ್’, ಮರಿಮಗ ‘ಪ್ರೋನೆಪೋಸ್’, ಕೊನೆಗೆ ‘ತ್ರಿನೆಪೋಸ್’.

ತ್ರಿತವುಸ್ ಆಚೆಗೆ? ಪೌಲುಸ್ ಎಂಬ ಕಾನೂನು ಪಂಡಿತ, ಸುಮಾರು 1,800 ವರ್ಷದ ಹಿಂದಿನವನು, ನೆಂಟಸ್ತಿಕೆಯ ಹಂತಗಳ ಮೇಲೆಯೇ ಬರೆದಿದ್ದಾನೆ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ಕಾನೂನು ಸಂಗ್ರಹದಲ್ಲಿ ಅದು ಸೇರಿಕೊಂಡಿದೆ. ಮನುಷ್ಯ ಎಷ್ಟು ಹಟದವನೆಂದರೆ, ಏಳನೆಯ ಹಂತದ ಸಂಬಂಧದಲ್ಲಿ ಒಟ್ಟು 1,024 ಬಗೆಯವರು ಬರುತ್ತಾರೆ ಎಂದು ಎಣಿಸಿ ಇಟ್ಟಿದ್ದಾನೆ. ತ್ರಿತವುಸ್‌ಗಿಂತ ಮೇಲಿನವರಿಗೆ ಬೇರೆ ಬೇರೆ ಹೆಸರಿಲ್ಲ, ಅವರೆಲ್ಲ ‘ಮಾಯೋರೇಸ್’ ಎನ್ನುತ್ತಾನೆ. ಆ ಪದದ ಅರ್ಥ ಗೊತ್ತೇ? ‘ಹಿರಿಯರು’. ನಾವು ‘ಹಿರಿಯರಿಗೆ ಎಡೆ ಇಟ್ರಾ?’ ಎನ್ನುವಾಗಿನ ಅದೇ ಹಿರಿಯರು. ಬದುಕಿರುವ ದೊಡ್ಡವರಿಗೂ ಸತ್ತುಹೋದ ಪೂರ್ವಜರಿಗೂ ಒಂದೇ ಮಾತು.

ಇನ್ನು ಎಣಿಸಿ ನೋಡಿ. ಪತೆರ್‌ನಿಂದ ತ್ರಿತವುಸ್‌ವರೆಗೆ ಆರು. ತನ್ನನ್ನು ಸೇರಿಸಿದರೆ ಏಳು. ನಮ್ಮ ಶ್ರಾದ್ಧದ ಲೆಕ್ಕ ಬಲ್ಲವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. ಅಪ್ಪ, ಅಜ್ಜ, ಮುತ್ತಜ್ಜ ಈ ಮೂವರಿಗೆ ಪಿಂಡ. ಅವರ ಮೇಲಿನ ಮೂವರಿಗೆ ಪಿಂಡವಿಲ್ಲ. ಪಿಂಡ ಇಟ್ಟ ಕೈಗೆ ಅಂಟಿದ ಅನ್ನವನ್ನು ದರ್ಭೆಗೆ ಒರೆಸುತ್ತಾರಲ್ಲ, ಆ ಲೇಪ ಅವರ ಪಾಲು. ಕೊಡುವವನು ಏಳನೆಯವನು. ‘ಸಪಿಂಡತಾ ತು ಪುರುಷೇ ಸಪ್ತಮೇ ವಿನಿವರ್ತತೇ’ ಎನ್ನುತ್ತದೆ ಮನುಸ್ಮೃತಿ, ಏಳನೆಯ ತಲೆಮಾರಿಗೆ ಸಪಿಂಡತೆ, ಅಂದರೆ ಪಿಂಡದ ನೆಂಟಸ್ತಿಕೆ, ಮುಗಿಯುತ್ತದೆ ಎಂದು. ಎರಡು ಜನಾಂಗವೂ ಆರು ಮೆಟ್ಟಿಲು ಹತ್ತಿ ಒಂದೇ ಕಡೆ ಏದುಸಿರು ಬಿಟ್ಟಿವೆ. ಇದು ಹಳೆಯ ನೆಂಟಸ್ತಿಕೆಯ ಗುರುತು ಎಂದು ನಾನು ಹೇಳಲಾರೆ, ಕಾಕತಾಳೀಯವೂ ಇರಬಹುದು. ಮಹಾಲಯದಲ್ಲಿ ಕೈ ಒರೆಸುವಾಗ ನನಗೆ ತ್ರಿತವುಸ್ ನೆನಪಾಗುತ್ತಾನೆ ಎಂಬುದಷ್ಟೇ ನಿಜ.

ಕನ್ನಡದಲ್ಲಿ ಪದವೇ ಇಲ್ಲ ಎಂದಿರಲ್ಲ, ಅದೂ ಪೂರ್ತಿ ಸರಿಯಲ್ಲ. ನನ್ನ ಅಜ್ಜಿ ‘ಮುತ್ತಜ್ಜನ ಮುತ್ತಜ್ಜ’ ಎನ್ನುತ್ತಿದ್ದರು. ಮುತ್ತಜ್ಜನಿಗೆ ಮೂರು, ಅವನ ಮುತ್ತಜ್ಜನಿಗೆ ಇನ್ನು ಮೂರು. ಎರಡೇ ಪದದಲ್ಲಿ ನೇರ ತ್ರಿತವುಸ್ ಮನೆ ಬಾಗಿಲು.

ಪ್ರಶ್ನೆ: ನನಗೆ ಅಕ್ಕನ ಮಗಳನ್ನು ಕೊಡುವ ಮಾತು ನಡೆದಿದೆ. ಕಾಲೇಜಿನ ಗೆಳೆಯರು ‘ಜಗತ್ತಿನಲ್ಲಿ ಬೇರೆ ಯಾರೂ ಹೀಗೆ ಮಾಡುವುದಿಲ್ಲ’ ಎಂದು ಗೇಲಿ ಮಾಡುತ್ತಾರೆ. ರೋಮ್‌ನಲ್ಲಿ? (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ರೋಮ್‌ನಲ್ಲಿ ನಿಮ್ಮ ಮದುವೆಗೆ ಕಾನೂನಿನ ಅಡ್ಡಿ ಇತ್ತು. ನಿಮ್ಮ ಅಣ್ಣನ ಮಗಳಾಗಿದ್ದರೆ ಅಡ್ಡಿ ಇರಲಿಲ್ಲ!

ಕ್ರಿ.ಶ. 49ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ತನ್ನ ಅಣ್ಣ ಜರ್ಮಾನಿಕಸ್‌ನ ಮಗಳು ಅಗ್ರಿಪ್ಪಿನಾಳನ್ನು ಮದುವೆಯಾದ. ಅಲ್ಲಿಯವರೆಗೆ ಅದು ನಿಷಿದ್ಧ. ಸೆನೆಟ್ ಸಭೆ ಸೇರಿ ಚಕ್ರವರ್ತಿಗಾಗಿ ದಾರಿ ಮಾಡಿಕೊಟ್ಟಿತು. ಮುಂದೆ ಗಾಯಸ್ ಎಂಬ ಕಾನೂನು ಪಂಡಿತ ಬರೆಯುತ್ತಾನೆ: ಅಣ್ಣತಮ್ಮನ ಮಗಳನ್ನು ಆಗಬಹುದು, ಅಕ್ಕತಂಗಿಯ ಮಗಳನ್ನು ಆಗಕೂಡದು. ನಮ್ಮದಕ್ಕೆ ಸರೀ ತಲೆಕೆಳಗು. ನಮ್ಮ ಊರಿನಲ್ಲಿ ಅಣ್ಣನ ಮಗಳು ಎಂದರೆ ಮಗಳೇ. ಚಿಕ್ಕಪ್ಪ ಎನ್ನುವವಳನ್ನು ಮದುವೆಯಾಗುವ ಮಾತು ಎತ್ತಿದರೆ ಬಾಯಿಗೆ ಬೀಗ ಹಾಕುತ್ತಾರೆ. ಕ್ಲಾಡಿಯಸ್‌ಗೆ ಒಳ್ಳೆಯದೇನೂ ಆಗಲಿಲ್ಲ ಅನ್ನಿ. 54ರಲ್ಲಿ ಸತ್ತ, ಅಗ್ರಿಪ್ಪಿನಾ ಅಣಬೆ ಪಲ್ಯದಲ್ಲಿ ವಿಷ ಹಾಕಿಸಿದಳೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಅವಳ ಮೊದಲ ಗಂಡನ ಮಗ ನೀರೋ ಪಟ್ಟಕ್ಕೆ ಬಂದ.

ನಿಮ್ಮ ಗೆಳೆಯರಿಗೆ ಇನ್ನೊಂದು ಹೇಳಿ. ದಕ್ಷಿಣದವರು ಸೋದರಮಾವನ ಮಗಳನ್ನೂ ಅತ್ತೆಯ ಮಗಳನ್ನೂ ಮದುವೆಯಾಗುತ್ತಾರೆ ಎಂದು ಬೌಧಾಯನ ಧರ್ಮಸೂತ್ರವೇ ಗುರುತಿಸಿದೆ. ಹಾಗಾಗಿ ಈ ತಕರಾರು ನಿನ್ನೆ ಮೊನ್ನೆಯದಲ್ಲ. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲಕ್ಕೆ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದ ವಿಜ್ಞಾನೇಶ್ವರ, ಪಿಂಡ ಎಂದರೆ ಅನ್ನದ ಉಂಡೆಯಲ್ಲ, ದೇಹ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು, ಅವರೊಳಗೆ ಮದುವೆ ಕೂಡದು ಎಂದ. ಇಂದಿನ ಕಾನೂನೂ, 1955ರ ಹಿಂದೂ ವಿವಾಹ ಕಾಯ್ದೆ, ಮಾವ ಮತ್ತು ಸೋದರಸೊಸೆಯ ಮದುವೆಯನ್ನು ನಿಷಿದ್ಧದ ಪಟ್ಟಿಯಲ್ಲೇ ಇಟ್ಟಿದೆ, ಆದರೆ ನಿಮ್ಮ ಸಮುದಾಯದಲ್ಲಿ ರೂಢಿ ಇದ್ದರೆ ಬಿಡುತ್ತದೆ. ರೂಢಿ ಇದೆಯೆಂದು ತೋರಿಸುವ ಹೊಣೆ ನಿಮ್ಮದು. ಮಕ್ಕಳ ಆರೋಗ್ಯದ ವಿಷಯ ವೈದ್ಯರನ್ನು ಕೇಳಿ, ಆ ಹುಡುಗಿಗೆ ಮನಸ್ಸಿದೆಯೇ ಎಂಬುದನ್ನು ಆ ಹುಡುಗಿಯನ್ನೇ ಕೇಳಿ. ನಿಮ್ಮ ಎರಡು ಪುಟದ ಕಾಗದದಲ್ಲಿ ಅವಳ ಮಾತು ಒಂದೂ ಇಲ್ಲ.

ಪ್ರಶ್ನೆ: ನೆಪೋಟಿಸಂ ಪದಕ್ಕೂ ನೀವು ಹೇಳುವ ಲ್ಯಾಟಿನ್ನಿಗೂ ಸಂಬಂಧವಿದೆಯೇ? (ದುರ್ಗಿಗುಡಿ, ಶಿವಮೊಗ್ಗ)

ಉತ್ತರ: ಇದೆ. ನೆಪೋಸ್ ಎಂದರೆ ಮೊಮ್ಮಗ. ಬರಬರುತ್ತ ಅಣ್ಣತಮ್ಮ ಅಕ್ಕತಂಗಿಯರ ಮಗನಿಗೂ ಅದೇ ಪದ ಆಯಿತು. ಪೋಪರು ತಮ್ಮ ಒಡಹುಟ್ಟಿದವರ ಮಕ್ಕಳಿಗೆ ದೊಡ್ಡ ದೊಡ್ಡ ಹುದ್ದೆ ಕೊಡುತ್ತಿದ್ದ ಕಾಲದಲ್ಲಿ ಇಟಲಿಯಲ್ಲಿ ಈ ಬೈಗುಳ ಹುಟ್ಟಿತು. ನಿಮ್ಮ ಸಹಕಾರ ಸಂಘದ ಚುನಾವಣೆಯ ವಿಷಯ ಬರೆದಿದ್ದೀರಿ, ಅದನ್ನು ನಾನು ಇಲ್ಲಿ ಅಚ್ಚು ಹಾಕಿಸುವುದಿಲ್ಲ.

ಪ್ರಶ್ನೆ: ಅವರಿಗೂ ಪಿತೃಪಕ್ಷ ಇತ್ತೇ? (ನಗರ, ಹೊಸನಗರ ತಾಲ್ಲೂಕು)

ಉತ್ತರ: ಫೆಬ್ರವರಿ 13ರಿಂದ 21ರವರೆಗೆ ಪರೆಂತಾಲಿಯ. ಒಂಬತ್ತು ದಿನ ದೇವಸ್ಥಾನಗಳ ಬಾಗಿಲು ಮುಚ್ಚಿ, ಮದುವೆ ನಿಲ್ಲಿಸಿ, ಊರ ಹೊರಗಿನ ಸಮಾಧಿಗಳಿಗೆ ಹೂಮಾಲೆ, ಕಾಳು, ಒಂದು ಚಿಟಿಕೆ ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ ಇಟ್ಟು ಬರುತ್ತಿದ್ದರು. ಪಿತೃಗಳು ಹೆಚ್ಚು ಕೇಳುವುದಿಲ್ಲ, ಭಕ್ತಿ ಇದ್ದರೆ ಸಾಕು ಎನ್ನುತ್ತಾನೆ ಓವಿಡ್ ಕವಿ. ಮೇ ತಿಂಗಳಲ್ಲಿ ಇನ್ನೊಂದಿತ್ತು, ಲೆಮುರಿಯ, ಅದು ಹೆದರಿಕೆಯದು. ನಡುರಾತ್ರಿ ಮನೆ ಯಜಮಾನ ಬರಿಗಾಲಲ್ಲಿ ಎದ್ದು, ಕಪ್ಪು ಅವರೆಯಂಥ ಕಾಳನ್ನು ಹಿಂದೆ ನೋಡದೆ ಎಸೆಯುತ್ತಾ ‘ಇದರಿಂದ ನನ್ನನ್ನೂ ನನ್ನವರನ್ನೂ ಬಿಡಿಸಿಕೊಳ್ಳುತ್ತೇನೆ’ ಎಂದು ಒಂಬತ್ತು ಸಲ ಹೇಳಬೇಕು. ಆಮೇಲೆ ಕಂಚು ಬಡಿದು, ‘ಪಿತೃಗಳೇ, ಹೊರಡಿ’ ಎಂದು ಇನ್ನು ಒಂಬತ್ತು ಸಲ. ಹಿರಿಯರನ್ನು ಕರೆಯುವುದು ಸುಲಭ, ಕಳಿಸುವುದು ಕಷ್ಟ ಎಂದು ಅವರಿಗೂ ಗೊತ್ತಿತ್ತು.

ಪ್ರಶ್ನೆ: ಇಂಗ್ಲಿಷಿನಲ್ಲಿ ಬೀಗರಿಗೆ ಪದವಿಲ್ಲ. ಲ್ಯಾಟಿನ್ನಿನಲ್ಲಿ? ಬೀಗರೂಟ ಇತ್ತೇ? (ಆಯನೂರು)

ಉತ್ತರ: ಪದ ಇದೆ: ‘ಕೊನ್‌ಸೊಕೆರ್’, ಅಂದರೆ ಜೊತೆಮಾವ. ಊಟವೂ ಇತ್ತು ಎಂದೇ ಹೇಳಬೇಕು. ಪರೆಂತಾಲಿಯ ಮುಗಿದ ಮರುದಿನ, ಫೆಬ್ರವರಿ 22ಕ್ಕೆ, ಕರಿಸ್ತಿಯ ಎಂಬ ಹಬ್ಬ. ನೆಂಟರು ಮತ್ತು ಬೀಗರ ಕಡೆಯವರು ಬಿಟ್ಟರೆ ಹೊರಗಿನವರಿಗೆ ಎಲೆ ಇಲ್ಲ. ಒಳಗೊಳಗೇ ಮುನಿಸು ಇದ್ದರೆ ಅದು ಆ ಊಟದ ಹೊತ್ತಿಗೆ ಮುಗಿಯಲಿ ಎಂದೇ ಹಿರಿಯರು ಈ ಪದ್ಧತಿ ಮಾಡಿದರು ಎಂದು ವಲೇರಿಯಸ್ ಮ್ಯಾಕ್ಸಿಮಸ್ ಎಂಬ ರೋಮನ್ ಲೇಖಕ ಬರೆದಿದ್ದಾನೆ. ನಮ್ಮನೆಯಲ್ಲಿ ಮಾತ್ರ ಮುನಿಸು ಹುಟ್ಟಿದ್ದೇ ಬೀಗರೂಟದಲ್ಲಿ, ಅದೂ ಎರಡನೇ ಸಲ ಹೋಳಿಗೆ ಬಡಿಸುವಾಗ ನಮ್ಮ ಕೊನ್‌ಸೊಕೆರ್ ಕೂತಿದ್ದ ಸಾಲನ್ನು ಬಿಟ್ಟು ಹೋದದ್ದಕ್ಕೆ. ಹನ್ನೊಂದು ವರ್ಷವಾಯಿತು, ಅವರ ಸಾಲಿಗೆ ಈಗ ನಾನೇ ಬಡಿಸುತ್ತೇನೆ.